ಬೋರ್ಡಿಗೆ ಮೆತ್ತಿದ ಹಿಮ

ಮೂಡಿಗೆರೆಯಲ್ಲಿ ಗಾಡಿ ಕಲಿತವಳು ನಾನು. ಮಂಜಿನಲ್ಲಿ ಓಡಿಸುವುದು ನನಗೇನು ಹೊಸದೇ ಎಂಬ ಜಂಬ ಇತ್ತು. ಆದರೆ ನಮ್ಮೂರಿನ ಮಂಜು ದೂರವನ್ನಷ್ಟೇ ಮರೆಮಾಡುತ್ತದೆ. ಹತ್ತಿರ ಹೋದರೆ ಬೋರ್ಡು ಕಾಣುತ್ತದೆ. ಮಿಶಿಗನ್ನಿನ ಮಾರ್ಚ್ ತಿಂಗಳ ಒದ್ದೆ ಹಿಮ ಬೋರ್ಡಿಗೇ ಮೆತ್ತಿಕೊಳ್ಳುತ್ತದೆ. ಕೆಳಗೆ ನಿಂತು ತಲೆಯೆತ್ತಿದರೂ ದೋಸೆಹಿಟ್ಟು ಬಳಿದ ತಗಡು, ಅಷ್ಟೇ.

ಡೆಟ್ರಾಯಿಟ್ ಹೊರವಲಯದಲ್ಲಿ ಹೊಸ ಕೆಲಸಕ್ಕೆ ಸೇರಿದ ಮೂರನೇ ದಿನ. ಕೆಂಪು ದೀಪ ಕಂಡು ಕಾರು ಪೂರ್ತಿ ನಿಲ್ಲಿಸಿದೆ, ಎಡಗಡೆ ನೋಡಿದೆ, ಬಲಕ್ಕೆ ತಿರುಗಿಸಿದೆ. ಇಲ್ಲಿ ಅದು ತಪ್ಪಲ್ಲ. ನಮ್ಮ ‘ಫ್ರೀ ಲೆಫ್ಟ್’ ಇದ್ದ ಹಾಗೆ. 1970ರ ದಶಕದ ತೈಲ ಬಿಕ್ಕಟ್ಟಿನಲ್ಲಿ, ನಿಂತಲ್ಲೇ ಪೆಟ್ರೋಲ್ ಸುಡುವುದೇಕೆಂದು ದೇಶವೆಲ್ಲ ಹಬ್ಬಿದ ಪದ್ಧತಿ. ಬೇಡವೆನಿಸಿದ ತಿರುವಿನಲ್ಲಿ ಮಾತ್ರ ‘ಕೆಂಪಿದ್ದಾಗ ತಿರುಗಬೇಡಿ’ ಎಂಬ ಬಿಳಿ ಬೋರ್ಡು ಹಾಕುತ್ತಾರೆ. ಅಲ್ಲಿ ಹಾಕಿದ್ದರಂತೆ. ನಿಲ್ಲಿಸಿದ ಪೊಲೀಸಿನವನನ್ನು ಎಲ್ಲಿದೆ ಬೋರ್ಡು ಎಂದು ಕೇಳಿದೆ. ಕೈ ತೋರಿಸಿದ. ಬಿಳಿ ತಗಡನ್ನು ಇಬ್ಬರೂ ನೋಡಿದೆವು. ಆದರೂ ಟಿಕೆಟ್ ಬಂತು.

“ದುಡ್ಡು ಕಟ್ಟಿ ಕೈ ತೊಳ್ಕೋ” ಎಂದರು ನಮ್ಮವರು. ದಂಡದ್ದಲ್ಲ ನನ್ನ ಚಿಂತೆ. ತಪ್ಪು ಒಪ್ಪಿದರೆ ಲೈಸೆನ್ಸಿನ ಮೇಲೆ ಅಂಕ ಬೀಳುತ್ತದೆ, ಎರಡು ವರ್ಷ ಅಲ್ಲೇ ಕೂತಿರುತ್ತದೆ, ಅದನ್ನು ನೋಡಿ ವಿಮೆಯವರು ಕಂತು ಏರಿಸುತ್ತಾರೆ.

ಉತ್ತರ ಕೊಡಲು 14 ದಿನ. ದಾರಿಗಳು ಮೂರು: ಹೊಣೆ ಒಪ್ಪುವುದು, ವಿವರಣೆಯೊಡನೆ ಒಪ್ಪುವುದು, ಒಪ್ಪದಿರುವುದು. ನಮ್ಮಂಥವರು ಬೀಳುವುದು ನಡುವಿನದರಲ್ಲಿ. ವಿನಯವೂ ಆಯಿತು, ಹೇಳಬೇಕಾದ್ದನ್ನು ಹೇಳಿದಂತೆಯೂ ಆಯಿತು ಎನ್ನಿಸುತ್ತದೆ. ನಾನೂ ಎರಡು ಪುಟ ಬರೆದಿಟ್ಟಿದ್ದೆ. ಆಮೇಲೆ ನಿಯಮ ಓದಿದೆ: ವಿವರಣೆ ಎಷ್ಟೇ ಚೆಂದವಿದ್ದರೂ ಅದು ಒಪ್ಪಿಗೆಯೇ, ಹೆಚ್ಚೆಂದರೆ ದಂಡದಲ್ಲಿ ಒಂದಿಷ್ಟು ಕಡಿಮೆಯಾದೀತು. ಎರಡೂ ಪುಟ ಹರಿದು, ‘ಒಪ್ಪುವುದಿಲ್ಲ’ ಎಂದು ಕಳಿಸಿದೆ.

ಬೆಂಬಲಕ್ಕಿದ್ದದ್ದು 1949ರ ಮಿಶಿಗನ್ ವಾಹನ ಕಾಯ್ದೆಯ 611ನೇ ಸೆಕ್ಷನ್. ಫಲಕ ಇರಲೇಬೇಕೆಂದು ಹೇಳಿರುವ ನಿಯಮವನ್ನು ಯಾರ ಮೇಲಾದರೂ ಹೇರಬೇಕಾದರೆ, ಆ ಹೊತ್ತಿನಲ್ಲಿ ಆ ಜಾಗದಲ್ಲಿ ಫಲಕ ಸರಿಯಾದ ಸ್ಥಾನದಲ್ಲಿರಬೇಕು, ಸಾಮಾನ್ಯ ಎಚ್ಚರವುಳ್ಳವರಿಗೆ ಓದಲು ಬರುವಂತಿರಬೇಕು ಎನ್ನುತ್ತದೆ ಅದು. ನ್ಯೂಯಾರ್ಕಿನಲ್ಲೂ ಇಲಿನಾಯ್‌ನಲ್ಲೂ ಹೆಚ್ಚುಕಡಿಮೆ ಇದೇ ಮಾತಿದೆ. ಆದರೆ ಅದೇ ಸೆಕ್ಷನ್ನಿಗೆ ಒಂದು ಬಾಲವೂ ಉಂಟು: ಫಲಕ ಬೇಕೆಂದು ಹೇಳದ ನಿಯಮ, ಫಲಕವಿಲ್ಲದೆಯೂ ಜಾರಿಯಲ್ಲಿರುತ್ತದೆ. ಹಿಮ ಸುರಿಯುವಾಗ ಅತಿವೇಗದಲ್ಲಿ ಹೋಗಿ ‘ಬೋರ್ಡು ಕಾಣಲಿಲ್ಲ ಸ್ವಾಮಿ’ ಎಂದರೆ, ಕಾಣದಿದ್ದ ಮೇಲೆ ನಿಧಾನ ಮಾಡಬೇಕಿತ್ತಲ್ಲ ಎಂಬ ಪ್ರಶ್ನೆ ನಿಮ್ಮ ಕೊರಳಿಗೇ ಬರುತ್ತದೆ.

‘ಸ್ಟಾಪ್’ ಬೋರ್ಡಿನ ವಿಷಯದಲ್ಲೂ ಈ ವಾದ ಕಷ್ಟ. 1915ರಲ್ಲಿ ಇದೇ ಡೆಟ್ರಾಯಿಟ್‌ನಲ್ಲಿ ಮೊದಲು ನೆಟ್ಟರೆನ್ನುವ ಆ ಬೋರ್ಡಿಗೆ 1920ರ ದಶಕದಲ್ಲಿ ಎಂಟು ಮೂಲೆ ಬಂತು. ಆ ಆಕಾರ ಬೇರೆ ಯಾವ ಬೋರ್ಡಿಗೂ ಇಲ್ಲ. ಹಿಮ ಮುಚ್ಚಿದರೂ ಅಂಚು ನೋಡಿಯೇ ಗುರುತು ಹತ್ತುತ್ತದೆ. ನನ್ನದು ಸಾದಾ ಆಯತ. ಪಾರ್ಕಿಂಗ್ ನಿಷೇಧದ್ದೂ ಹಾಗೇ ಇರುತ್ತದೆ, ವೇಗಮಿತಿಯದ್ದೂ ಹಾಗೇ.

ಹಿಮ ಸಾಕ್ಷಿಗೆ ಕಾಯುವುದಿಲ್ಲ. ಟಿಕೆಟ್ ಕೈಗೆ ಬಂದ ಅರ್ಧ ಗಂಟೆಯೊಳಗೆ, ಪಕ್ಕದ ಅಂಗಡಿಯೆದುರು ಕಾರು ನಿಲ್ಲಿಸಿ, ನಡೆದು ಹೋಗಿ ಫೋಟೋ ತೆಗೆದಿದ್ದೆ: ಚಾಲಕಿಯ ಕಣ್ಣಿನ ಎತ್ತರದಿಂದ ಒಂದು, ಹತ್ತಿರದಿಂದ ಒಂದು. ಎದುರು ದಿಕ್ಕಿಗೆ ಮುಖ ಮಾಡಿದ ಬೋರ್ಡುಗಳು ಒಣಗಿ ಫಳಫಳ ಎನ್ನುತ್ತಿದ್ದವು. ಗಾಳಿ ಪಶ್ಚಿಮದಿಂದ ಬೀಸಿ ಒಂದೇ ಮಗ್ಗುಲಿಗೆ ಹಿಮ ಬಡಿದಿತ್ತು. ಅದರದ್ದೂ ಒಂದು. ಮರುದಿನ ಮಧ್ಯಾಹ್ನಕ್ಕೆ ಎಲ್ಲ ಕರಗಿ ನೀರು. ಹತ್ತಿರದ ವಿಮಾನ ನಿಲ್ದಾಣದ ಗಂಟೆಗಂಟೆಯ ಹವಾಮಾನ ದಾಖಲೆ ಸರ್ಕಾರದ್ದೇ ಆದ್ದರಿಂದ ಪುಕ್ಕಟೆ ಸಿಕ್ಕಿತು. ಶೂನ್ಯದ ಆಸುಪಾಸಿನ ಉಷ್ಣತೆ, ಗಾಳಿಯ ದಿಕ್ಕು, ಎಲ್ಲ ಅದರಲ್ಲಿತ್ತು.

ವಿಚಾರಣೆ ಎಂದರೆ ಸಿನಿಮಾದ ಕೋರ್ಟಲ್ಲ. ‘ಅನೌಪಚಾರಿಕ ವಿಚಾರಣೆ’ ಆಯ್ದುಕೊಂಡರೆ ಒಬ್ಬ ಮ್ಯಾಜಿಸ್ಟ್ರೇಟ್, ಪೊಲೀಸ್, ನಾವು. ವಕೀಲರಿಗೆ ಪ್ರವೇಶವೇ ಇಲ್ಲ. ಯಾರ ಮಾತು ಹೆಚ್ಚು ನಂಬುವಂತಿದೆ ಎಂದು ತೂಗುತ್ತಾರೆ. ಸೋತರೆ 7 ದಿನದೊಳಗೆ ನ್ಯಾಯಾಧೀಶರ ಮುಂದೆ ಹೋಗಬಹುದು.

ಮ್ಯಾಜಿಸ್ಟ್ರೇಟ್ ಫೋಟೋ ನೋಡುವ ಮೊದಲೇ ಕೇಳಿದರು, “ಈ ದಾರಿಯಲ್ಲಿ ದಿನಾ ಹೋಗ್ತೀರಾ?”

ಇದೇ ನಿಜವಾದ ಪ್ರಶ್ನೆ. ಆರು ತಿಂಗಳಿಂದ ಹೋಗುತ್ತಿದ್ದರೆ ಬೋರ್ಡು ಮುಚ್ಚಿದ್ದೇನು, ತೆರೆದಿದ್ದೇನು, ನನಗೆ ಗೊತ್ತೇ ಇರುತ್ತಿತ್ತು. ಮೂರನೇ ದಿನ, ಮೊದಲೆರಡು ದಿನ ಹಸಿರು ಸಿಕ್ಕಿತ್ತು ಎಂದೆ. ಹಸಿರಿತ್ತೋ ಇಲ್ಲವೋ ಎಂದು ಹಿಂದಿನ ರಾತ್ರಿ ಹತ್ತು ಸಲ ನೆನಪು ಮಾಡಿಕೊಂಡು ಬಂದಿದ್ದೆ. ಪೊಲೀಸಿನವನನ್ನು ಬೋರ್ಡಿನ ಬಗ್ಗೆ ಕೇಳಿದರು. “ಹೌದು, ಅದರ ಮೇಲೆ ಹಿಮ ಇತ್ತು” ಎಂದ. ಪುಣ್ಯಾತ್ಮ, ಒಂದಕ್ಷರ ಬದಲಿಸಲಿಲ್ಲ. ಎಲ್ಲ ಸೇರಿ ಹತ್ತು ನಿಮಿಷ. ‘ಹೊಣೆಯಲ್ಲ’ ಎಂದು ಬರೆದರು.

ಈಗ ಹಿಮವಿಲ್ಲ. ಬೋರ್ಡಿನ ಕಪ್ಪಕ್ಷರ ದೂರದಿಂದಲೇ ಕಾಣುತ್ತದೆ. ನಿನ್ನೆ ಅಲ್ಲಿ ಕೆಂಪು ದೀಪಕ್ಕೆ ನಿಂತಿದ್ದೆ. ಹಿಂದಿನ ಕಾರಿನವನು ಒಂದು ಸಲ ಹಾರ್ನ್ ಹೊಡೆದ. ನಾನು ಕದಲಲಿಲ್ಲ. ಇನ್ನೊಂದು ಸಲ ಹೊಡೆದ. ಕಿಟಕಿ ಇಳಿಸಿ, ಕೈ ಹೊರಹಾಕಿ ಬೋರ್ಡು ತೋರಿಸಿದೆ.