ಸೊರಗಿದ ಕುಂಡದ ಆಲ: ನೀರು ಹಾಕುವ ಮುನ್ನ ಬೇರು ನೋಡಿರಿ



ಬಾನ್ಸಾಯ್ ಎಂಬ ಜಪಾನೀ ಮಾತಿಗೆ ತಟ್ಟೆಯಲ್ಲಿ ನೆಟ್ಟ ಗಿಡವೆಂದು ಅರ್ಥ. ನಮ್ಮ ಆಲ, ಅರಳಿ, ಬಸರಿ, ಅತ್ತಿಗಳು ಇದಕ್ಕೆ ಚೆನ್ನಾಗಿ ಒಗ್ಗುತ್ತವೆ. ಸಸಿ ಬೆಳೆಸಿ ಮಾರುವವರಿಗೆ ವಯಸ್ಸಾದ ಇಂಥ ಗಿಡ ಬೆಲೆಬಾಳುವ ಆಸ್ತಿ. ಆದರೆ ತಪ್ಪು ಆರೈಕೆಯಿಂದ ಹತ್ತಾರು ವರ್ಷಗಳ ಶ್ರಮ ಒಂದೆರಡು ತಿಂಗಳಲ್ಲೇ ಮಣ್ಣುಪಾಲಾಗಬಹುದು.

ಕಳೆದ ಮಳೆಗಾಲದಲ್ಲಿ ರೈತರೊಬ್ಬರು 12 ವರ್ಷದ ಆಲವನ್ನು ತಂದು ತೋರಿಸಿದರು. ಎಲೆಗಳು ಹಳದಿಯಾಗಿ ಉದುರುತ್ತಿದ್ದವು. ಗಿಡ ಬಾಡಿತೆಂದು ದಿನಕ್ಕೆ ಎರಡು ಸಲ ನೀರೆರೆದು, ಮೇಲೆ ಯೂರಿಯಾ ಸಹ ಕೊಟ್ಟಿದ್ದರು. ಕುಂಡದಿಂದ ಬಿಡಿಸಿ ನೋಡಿದರೆ ಬೇರು ಕಪ್ಪಾಗಿ, ಮೆತ್ತಗಾಗಿ ನಾರುತ್ತಿತ್ತು. ನೀರು ಬಸಿಯುವ ತೂತು ಕಟ್ಟಿಹೋಗಿತ್ತು.

ಬಾಯಾರಿದ ಗಿಡವೂ ಬಾಡುತ್ತದೆ, ನೀರು ಹೆಚ್ಚಾದ ಗಿಡವೂ ಬಾಡುತ್ತದೆ. ಮಣ್ಣಿನಲ್ಲಿ ನೀರು ನಿಂತರೆ ಗಾಳಿಯಾಡದೆ ಬೇರು ಸಾಯುತ್ತದೆ. ಸತ್ತ ಬೇರು ನೀರನ್ನು ಹೀರಲಾರದು. ಬಸಿಗಾಲುವೆಯಿಲ್ಲದ ಜವುಗು ಹೊಲದಲ್ಲಿ ಪೈರು ಹಳದಿಯಾಗುವುದೂ ಹೀಗೆಯೇ.

ಪರೀಕ್ಷಿಸುವ ಕ್ರಮ

1. ಕೊಂಬೆಯ ತೊಗಟೆಯನ್ನು ಉಗುರಿನಿಂದ ತುಸು ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ಕಂದಾಗಿ ಒಣಗಿದ್ದರೆ ಆ ಭಾಗ ಸತ್ತಿದೆ.

2. ಮಣ್ಣಿನಲ್ಲಿ ಬೆರಳಿಟ್ಟು ಹದ ನೋಡಿರಿ. ಒಣಗಿದ್ದರೆ ನೀರಿನ ಕೊರತೆ. ಹಸಿಯಿದ್ದೂ ಗಿಡ ಬಾಡಿದ್ದರೆ ಬೇರಿನ ಮೇಲೆ ಸಂಶಯಪಡಿರಿ.

3. ಎಲೆಯ ಅಡಿ ಮತ್ತು ಗೆಣ್ಣುಗಳಲ್ಲಿ ಬಿಳಿ ಹಿಟ್ಟು ತಿಗಣೆ ಇದೆಯೇ ನೋಡಿರಿ. ಇದ್ದರೆ ಸಾಬೂನಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯಿರಿ.

4. ಬಿಸಿಲಿನಿಂದ ಮನೆಯೊಳಗೆ ತಂದಾಗಲೂ ಎಲೆ ಉದುರುವುದುಂಟು. ಬೇರು ಗಟ್ಟಿಯಿದ್ದರೆ ಗಾಬರಿ ಬೇಡ.

ಉಪಚಾರ

ಕೊಳೆತ ಬೇರನ್ನು ಶುಚಿಯಾದ ಕತ್ತರಿಯಿಂದ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿರಿ. ಬೇರು ಬಹಳ ಕಳೆದುಹೋಗಿದ್ದರೆ ಉಳಿದ ಎಲೆಗಳನ್ನೂ ಸ್ವಲ್ಪ ಕಡಿಮೆ ಮಾಡಿರಿ. ತೂತಿನ ಮೇಲೆ ಜಾಲರಿಯಿಟ್ಟು, ಕೆಂಪು ಮಣ್ಣು, ದಪ್ಪ ಮರಳು, ಚೆನ್ನಾಗಿ ಕಳಿತ ಎಲೆಗೊಬ್ಬರಗಳ ಸಮಭಾಗದ ಮಿಶ್ರಣದಲ್ಲಿ ನೆಡಿರಿ. ಗಿಡ ಅಲುಗಾಡದಂತೆ ಕಟ್ಟಿ, 3–4 ವಾರ ತೆಳು ನೆರಳಿನಲ್ಲಿಡಿರಿ. ಮೇಲ್ಮಣ್ಣು ಆರಿದ ಮೇಲೆಯೇ ನೀರು ಕೊಡಿರಿ. ಹೊಸ ಚಿಗುರು ಬಲಿಯುವವರೆಗೆ ಯಾವ ರಾಸಾಯನಿಕ ಗೊಬ್ಬರವನ್ನೂ ಹಾಕಬಾರದು.

ಆ ರೈತರ ಆಲದಲ್ಲಿ ಎರಡು ಕೊಂಬೆಗಳು ಉಳಿಯಲಿಲ್ಲ. ಆದರೆ ಐದನೆಯ ವಾರ ಬುಡದ ಬಳಿ ಕೆಂಪು ಮೊಗ್ಗು ಮೂಡಿತು. ಈಗ ಮರ ಚಿಗುರಿದೆ. ಅವರು ಮಾಡಿದ್ದು ಅಲಕ್ಷ್ಯವಲ್ಲ, ಅತಿ ಅಕ್ಕರೆ. ನಿಮ್ಮ ಗಿಡ ಸೊರಗಿದಾಗ ಕೈ ಮೊದಲು ತಂಬಿಗೆಗೆ ಹೋಗದೆ ಮಣ್ಣಿಗೆ ಹೋಗಲಿ.