ಅಡಿಕೆ ಸುಲಿಯುವ ಚಪ್ಪರಕ್ಕೂ ಕಾಯ್ದೆ

ಚನ್ನಗಿರಿ ತಾಲ್ಲೂಕಿನ ನಲ್ಲೂರು ಸುತ್ತಮುತ್ತ ಅಡಿಕೆ ಸುಲಿಯಲು ಬರುವವರಲ್ಲಿ ಹೆಂಗಸರೇ ಹೆಚ್ಚು. ಫಸಲನ್ನು ಗುತ್ತಿಗೆ ಹಿಡಿದು ಅವರನ್ನು ಕರೆಸುವ ಖೇಣಿದಾರನೂ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ ಲೆಕ್ಕದಲ್ಲಿ ಮಾಲೀಕನೇ; ಸುಲಿಯುವ ಚಪ್ಪರ, ಅವನು ಕಳಿಸುವ ಟೆಂಪೊ ಎರಡೂ ಕೆಲಸದ ಸ್ಥಳವೇ. 10 ಅಥವಾ ಹೆಚ್ಚು ಜನರಿದ್ದರೆ ಆಂತರಿಕ ಸಮಿತಿ ರಚಿಸಲೇಬೇಕು. ತಪ್ಪಿದರೆ 50,000 ರೂಪಾಯಿವರೆಗೆ ದಂಡ. ಅಷ್ಟು ಜನರಿಲ್ಲದಿದ್ದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ವಿಚಾರಣೆ ಜಿಲ್ಲೆಯ ಸ್ಥಳೀಯ ಸಮಿತಿಯದು. ಹಳ್ಳಿಗಳಿಗೆ ಹೆಚ್ಚು ಉಪಯೋಗಕ್ಕೆ ಬರುವುದು ಇದೇ. ಗೊತ್ತಿರುವವರು ಮಾತ್ರ ಕಡಿಮೆ. ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಟ್ಟ ದೂರು 7 ದಿನದೊಳಗೆ ಸಮಿತಿಗೆ ತಲುಪಬೇಕು. ದೂರು ಕೊಡಲು ಘಟನೆಯಿಂದ 3 ತಿಂಗಳ ಅವಧಿ. ಸಕಾರಣವಿದ್ದರೆ ಇನ್ನೂ 3 ತಿಂಗಳು. ವಿಚಾರಣೆ 90 ದಿನದೊಳಗೆ ಮುಗಿಯಬೇಕು. ದೂರು ಬರೆಯಲು ಬಾರದವರಿಗೆ ಸಮಿತಿಯವರೇ ನೆರವಾಗಬೇಕು.