ಪಿಟೀಲಾದ ಬೆನ್ನು

ಕಾರ್ಕಳದ ಬೆಟ್ಟವನ್ನೇರಿ ಗೊಮ್ಮಟನ ಎದುರು ನಿಂತವರಿಗೆ, ಆ ಮೂರ್ತಿಯ ಮೈಮೇಲೆ ಬಟ್ಟೆಯಿಲ್ಲವೆಂಬುದು ಕ್ಷಣಮಾತ್ರದಲ್ಲಿ ಮರೆತುಹೋಗುತ್ತದೆ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ, ಸುಮಾರು 42 ಅಡಿ ಎತ್ತರದ ಆ ಏಕಶಿಲೆಯನ್ನು ಬಳ್ಳಿಗಳು ತಬ್ಬಿವೆ; ಮೊಗದಲ್ಲಿ ಮಾತ್ರ ತ್ಯಾಗಿಯೊಬ್ಬನ ನಿಶ್ಚಯ ನೆಲೆಸಿದೆ. ತಾಯಂದಿರು ಮಕ್ಕಳ ಕೈಹಿಡಿದು ಬಂದು ನಮಸ್ಕರಿಸಿ ಹೋಗುತ್ತಾರೆ. ಮಣಿಪಾಲದಲ್ಲಿ, 1953ರಲ್ಲಿ ಆರಂಭವಾದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ಅಂಗರಚನಾ ಸಂಗ್ರಹಾಲಯದಲ್ಲಿ, ಅದೇ ಮಾನವದೇಹ ಬಿಡಿಬಿಡಿ ಅವಯವಗಳಾಗಿ ಗಾಜಿನ ಪಾತ್ರೆಗಳಲ್ಲಿದೆ. ಒಂದು ಕಡೆ ಭಕ್ತಿ, ಇನ್ನೊಂದು ಕಡೆ ಶಾಸ್ತ್ರ. ಎರಡರಲ್ಲಿಯೂ ನೋಡುವವರಿಗೆ ಸಂಕೋಚವಿಲ್ಲ. ಇವೆರಡಕ್ಕೂ ಸೇರದ ಮೂರನೆಯ ನೋಟವೊಂದುಂಟು. ಅದು ಕಲೆಯ ನೋಟ. ಅದನ್ನು ಒರೆಗೆ ಹಚ್ಚುವ ಛಾಯಾಚಿತ್ರವೊಂದು ಹುಟ್ಟಿ ಈಗ ನೂರು ವರ್ಷಗಳು ಕಳೆದಿವೆ.

1924ರಲ್ಲಿ ಪ್ಯಾರಿಸಿನಲ್ಲಿ ಅದನ್ನು ರಚಿಸಿದವನು ಮ್ಯಾನ್ ರೇ (1890–1976) ಎಂಬ ಅಮೆರಿಕನ್ ಕಲಾವಿದ. ಚಿತ್ರದಲ್ಲಿ ತರುಣಿಯೊಬ್ಬಳು ನಮಗೆ ಬೆನ್ನುಮಾಡಿ ಕುಳಿತಿದ್ದಾಳೆ. ತಲೆಗೆ ರುಮಾಲು, ಸೊಂಟದ ಕೆಳಗೆ ಸುತ್ತಿದ ವಸ್ತ್ರ. ಮುಖ ಸ್ವಲ್ಪವೇ ಓರೆಯಾಗಿದೆ. ಕೈಗಳೆರಡೂ ಮುಂದಕ್ಕಿರುವುದರಿಂದ ಕಾಣುವುದಿಲ್ಲ. ಇಷ್ಟೇ ಆಗಿದ್ದರೆ ಅದೊಂದು ಸೊಗಸಾದ ಭಾವಚಿತ್ರವಾಗಿ ಉಳಿಯುತ್ತಿತ್ತು. ಕಲಾವಿದನು ಮುದ್ರಿತ ಪ್ರತಿಯ ಮೇಲೆ, ಬೆನ್ನಿನ ಎರಡು ಪಕ್ಕಗಳಲ್ಲಿ, ಪಿಟೀಲಿನ ಮೈಮೇಲಿರುವಂಥ ಎರಡು ಬಾಗಿದ ಕಂಡಿಗಳನ್ನು ಶಾಯಿಯಿಂದ ಬರೆದು, ಅದರ ಛಾಯಾಚಿತ್ರವನ್ನು ಮತ್ತೊಮ್ಮೆ ತೆಗೆದ. ಒಡನೆಯೇ ಹೆಗಲು, ನಡು, ನಿತಂಬಗಳ ರೇಖೆ ವಾದ್ಯವೊಂದರ ರೇಖೆಯಾಯಿತು. ಒಮ್ಮೆ ಹಾಗೆ ಕಂಡಮೇಲೆ ಅದನ್ನು ಬರಿಯ ಬೆನ್ನಾಗಿ ನೋಡುವುದು ಯಾರಿಂದಲೂ ಆಗದು.

ಈ ಸೋಜಿಗಕ್ಕೆ ಕಪ್ಪು ಬಿಳುಪಿನ ನೆರವೂ ಇದೆ. ಕಾಪುವಿನ ಕಡಲತಡಿಯಲ್ಲಿ, 1901ರ ದೀಪಸ್ತಂಭದ ಬುಡದ ಬಂಡೆಗಳನ್ನು ಮುಸ್ಸಂಜೆಯಲ್ಲಿ ನೋಡಿದವರು ಇದನ್ನು ಬಲ್ಲರು. ಬಣ್ಣ ಅಳಿದು ಆಕಾರವಷ್ಟೇ ಉಳಿದಾಗ, ಬಂಡೆ ಮಲಗಿದ ಆನೆಯ ಬೆನ್ನಾಗಿ ಕಾಣುತ್ತದೆ. ಛಾಯಾಚಿತ್ರದಲ್ಲಿಯೂ ಚರ್ಮದ ಬಣ್ಣ ಕಳೆದುಹೋದುದರಿಂದಲೇ ಮೈ ಮರವಾಗಬಲ್ಲುದಾಯಿತು. ಬರೆದ ಕಂಡಿಗಳೂ ನಿಜವಾದ ನೆರಳುಗಳಂತೆ ತೋರಿದವು. ಕ್ಯಾಮರಾ ಸುಳ್ಳಾಡದೆಂಬ ನಮ್ಮ ನಂಬಿಕೆಯನ್ನೇ ಹಿಡಿದು, ಆಗದ ಸಂಗತಿಯನ್ನು ಕಣ್ಣಿಗೆ ಒಪ್ಪಿಸುವುದೇ ಇಲ್ಲಿಯ ಯುಕ್ತಿ. ಚಿತ್ರವು ಜೂನ್ ತಿಂಗಳಿನಲ್ಲಿ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದೇ ಅಕ್ಟೋಬರಿನಲ್ಲಿ ಆಂದ್ರೆ ಬ್ರೆತೋನನು ಸರ್ರಿಯಲಿಸಂನ, ಎಂದರೆ ಅತಿವಾಸ್ತವವಾದದ, ಪ್ರಣಾಳಿಕೆಯನ್ನು ಹೊರತಂದ. ಕನಸು, ಎಚ್ಚರಗಳ ನಡುವಣ ಗೋಡೆಯನ್ನು ಕೆಡಹುವುದು ಆ ಪಂಥದ ಹಂಬಲವಾಗಿತ್ತು.

ಚಿತ್ರದ ಹೆಸರಿನಲ್ಲಿ ಒಂದು ಮುಳ್ಳಿದೆ. ‘ಆಂಗ್ರ್‌ನ ಪಿಟೀಲು’ ಎಂಬುದು ಆ ಹೆಸರು. ಬೆನ್ನುಮಾಡಿ ಕುಳಿತ ಸ್ನಾನಸುಂದರಿಯನ್ನು 1808ರಲ್ಲಿ ಚಿತ್ರಿಸಿದ ಆಂಗ್ರ್‌ನಿಗೆ ಪಿಟೀಲು ನುಡಿಸುವ ಗೀಳಿತ್ತು. ಅದರಿಂದ ಫ್ರೆಂಚರ ಮಾತಿನಲ್ಲಿ ಅವನ ಪಿಟೀಲೆಂದರೆ ಬಿಡುವಿನ ಹವ್ಯಾಸವೆಂದೇ ಅರ್ಥ. ಚಿತ್ರದಲ್ಲಿ ಕುಳಿತವಳು ಆಗ ಮ್ಯಾನ್ ರೇಯ ಸಂಗಾತಿ. ಪ್ರೀತಿಸಿದವಳನ್ನು ಹವ್ಯಾಸವೆಂದು ಕರೆದುದು ವಿನೋದವೇ, ಅವಜ್ಞೆಯೇ? ಚಿತ್ರ ಉತ್ತರ ಹೇಳದು.

ಮೈಯನ್ನು ವಾದ್ಯವಾಗಿ ಕಾಣುವುದು ನಮಗೇನೂ ಹೊಸತಲ್ಲ. ಮರದ ವೀಣೆಯೊಂದು, ಗಾತ್ರವೀಣೆ ಎಂದರೆ ದೇಹವೆಂಬ ವೀಣೆ ಇನ್ನೊಂದು ಎಂದು ನಾರದೀಯ ಶಿಕ್ಷೆ ಎಣಿಸಿದೆ. 12ನೆಯ ಶತಮಾನದಲ್ಲಿ ಬಸವಣ್ಣನವರು, ತಲೆಯಿಂದ ಬೆರಳಿನವರೆಗೆ ಅಂಗಾಂಗಗಳನ್ನೂ ವೀಣೆಯ ಭಾಗಗಳೊಡನೆ ಹೊಂದಿಸಿ, ತಮ್ಮನ್ನು ನುಡಿಸೆಂದು ಕೂಡಲಸಂಗಮದೇವನನ್ನು ಬೇಡಿದ ವಚನ ಕನ್ನಡಿಗರಿಗೆ ಚಿರಪರಿಚಿತ. ಎರಡು ಕಲ್ಪನೆಗಳೂ ಹೊರನೋಟಕ್ಕೆ ಒಂದೇ. ಆದರೆ ವಚನದಲ್ಲಿ ಮೈಯನ್ನು ಒಪ್ಪಿಸುವವನು ಮೈಯುಳ್ಳವನೇ. ಮಾತು ಅವನದೇ, ಇಚ್ಛೆಯೂ ಅವನದೇ. ಛಾಯಾಚಿತ್ರದಲ್ಲಿ ಕಂಡಿಗಳನ್ನು ಬರೆದ ಕೈ ಇನ್ನೊಬ್ಬನದು. ಕುಳಿತವಳಿಗೆ ಕೈಗಳೇ ಇಲ್ಲದಂತಾಗಿದೆ. ಅವಳನ್ನು ಬೇರೆಯವರು ನುಡಿಸಬೇಕು, ಅವಳು ತಾನೇ ನುಡಿಯಲಾರಳು. ಸೊಗಸಿನ ಜತೆಗೆ ಬರುವ ಕಸಿವಿಸಿಯ ಮೂಲ ಇಲ್ಲಿದೆ. ಬಟ್ಟೆಯ ಇಲ್ಲದಿರವಿನಲ್ಲಿ ಅದನ್ನು ಹುಡುಕಿದರೆ ಸಿಗದು.

ಕಾಣದ ಆ ಕೈಗಳು ಸುಮ್ಮನಿರಲಿಲ್ಲವೆಂಬುದನ್ನು ಬಲ್ಲವರು ಕಡಮೆ. ಆಕೆಯ ಹೆಸರು ಆಲಿಸ್ ಪ್ರಾಂ (1901–1953). ಜನ ಕಿಕಿ ಎನ್ನುತ್ತಿದ್ದರು. ಆಕೆ ತಾನೇ ಚಿತ್ರ ಬರೆದು 1927ರಲ್ಲಿ ಪ್ಯಾರಿಸಿನಲ್ಲಿ ಪ್ರದರ್ಶಿಸಿದಳು. 1929ರಲ್ಲಿ ತನ್ನ ನೆನಪುಗಳನ್ನು ಪುಸ್ತಕವಾಗಿಸಿದಳು. 2022ರ ಮೇ ತಿಂಗಳಿನಲ್ಲಿ ಈ ಛಾಯಾಚಿತ್ರದ ಒಂದು ಪ್ರತಿ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 24 ಲಕ್ಷ ಡಾಲರಿಗೆ ಮಾರಾಟವಾಯಿತು. ಅದುವರೆಗೆ ಹರಾಜಿನಲ್ಲಿ ಯಾವ ಛಾಯಾಚಿತ್ರಕ್ಕೂ ಅಷ್ಟು ಬೆಲೆ ಬಂದಿರಲಿಲ್ಲ.

ದೇಹವು ಸಂಗೀತವಾಗಬೇಕಾದರೆ ವ್ಯಕ್ತಿ ಮರೆಯಾಗಲೇಬೇಕೆಂದಿಲ್ಲ. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಪ್ಯಾರಿಸಿನಲ್ಲಿಯೂ ಅಭ್ಯಾಸಮಾಡಿದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳೇ ಇದಕ್ಕೆ ಸಾಕ್ಷಿ. 1964ರಲ್ಲಿ ಪ್ರಕಟವಾದ ಅವರ ರೇಖಾಚಿತ್ರ ಸಂಗ್ರಹದ ಹೆಸರು ‘ದಿ ಸಿಂಗಿಂಗ್ ಲೈನ್’, ಹಾಡುವ ಗೆರೆ. ನಾಲ್ಕಾರು ಗೆರೆಗಳಲ್ಲಿ ಮೂಡಿದ ನರ್ತಕಿಗೆ ಮೂಗುಕಣ್ಣುಗಳು ಇಲ್ಲದಿದ್ದರೂ, ಕುಣಿಯುತ್ತಿರುವವಳು ಅವಳೇ.

ಇಂದು ಮನೆಮನೆಯ ಮೊಬೈಲಿನಲ್ಲಿ ಮಾನವದೇಹದ ಚಿತ್ರಗಳು ಲೆಕ್ಕವಿಲ್ಲದಷ್ಟು ಹರಿದು ಬರುತ್ತಿವೆ. ಮಕ್ಕಳೂ ಅವನ್ನು ನೋಡುತ್ತಾರೆ. ಬಟ್ಟೆ ಎಷ್ಟಿದೆಯೆಂದು ಅಳೆಯುವುದನ್ನು ಮಾತ್ರ ಅವರಿಗೆ ಕಲಿಸಿದರೆ ಸಾಲದು. ಈ ಮೈಯನ್ನು ಯಾರು ನುಡಿಸುತ್ತಿದ್ದಾರೆ, ಮೈಯುಳ್ಳವರ ಇಚ್ಛೆ ಅದರಲ್ಲಿ ಎಷ್ಟಿದೆ ಎಂದು ಕೇಳಲು ಕಲಿಸಿದರೆ, ಯಾವ ಚಿತ್ರವನ್ನು ಮೆಚ್ಚಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವರೇ ತಿಳಿದುಕೊಂಡಾರು.